ಆಲ್ಝೈಮರ್ ಸಂಶೋಧನೆಗೆ ವಂಶವಾಹಿ ಮಾಹಿತಿ: ಬಾಗಲೂರಿನ ಕುಟುಂಬಗಳ ಮನವಿ ಪತ್ರ

ಗೆ,
ಕಾರ್ಯದರ್ಶಿಗಳು,
ಜೈವಿಕ ತಂತ್ರಜ್ಞಾನ ಇಲಾಖೆ, ಭಾರತ ಸರ್ಕಾರ, ನವದೆಹಲಿ.

ವಿಷಯ: ನಾವು ಕೊಡುವ ವಂಶವಾಹಿ ಮಾಹಿತಿಯ ಹಂಚಿಕೆ ಮತ್ತು ರಕ್ಷಣೆ ಕುರಿತು.

ಮಾನ್ಯರೇ,

ಬಾಗಲೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ ಕುಟುಂಬದವರು ನಾವು. ಸಂಶೋಧನೆಗೆ ರಕ್ತ ಕೊಡಲು ನಮ್ಮ ತಕರಾರಿಲ್ಲ, ಕೊಡಬೇಕೆಂದೇ ನಮ್ಮ ಆಸೆ. ಈ ಕಾಯಿಲೆಯ ವಂಶವಾಹಿಗಳ ಬಗ್ಗೆ ಈವರೆಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಯುರೋಪ್ ಮೂಲದವರ ರಕ್ತದಿಂದ ಬಂದದ್ದು. ಈಗ ನಮ್ಮವರ ಅಧ್ಯಯನವೂ ನಡೆದಿದೆ: ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ಅದೇ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ವಂಶವಾಹಿ ಮಾಹಿತಿ 2025ರ ಜನವರಿಯಲ್ಲಿ ಫರೀದಾಬಾದಿನ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆದಿದೆ. ಈ ಕೆಲಸ ನಿಲ್ಲಬಾರದು.

ನಮ್ಮ ಮೊದಲ ಕಳವಳ ಸಹಿಯದು. ನಮ್ಮಲ್ಲೊಬ್ಬರ ತಾಯಿಯ ಮುಂದೆ ಒಮ್ಮೆ ಇಂಗ್ಲಿಷಿನ ಒಪ್ಪಿಗೆ ಪತ್ರ ಇಟ್ಟರು. ಆಕೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಇದು ಯಾವ ಸರ್ವೆ ನಂಬರಿಂದಪ್ಪ?" ಎಂದು ಕೇಳಿದರು. ಹತ್ತಿರದಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಸೀಮೆಯ ಹಿರಿಯರಿಗೆ ಕಾಗದವೆಂದರೆ ಜಮೀನಿನ ಕಾಗದವೇ. ಮಗನ ಹೆಸರು ಮರೆತಿದ್ದ ಆಕೆಗೆ ಜಮೀನಿನ ಕಾಗದ ಮರೆತಿರಲಿಲ್ಲ. ಆ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನಲು ನಮಗೆ ಮನಸ್ಸು ಬಾರದು.

ಆದ್ದರಿಂದ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಿ ಹೇಳಿದ ಮೇಲೆಯೇ ಸಹಿ ಪಡೆಯಲಿ. ಬುದ್ಧಿ ಸ್ವಾಧೀನದಲ್ಲಿರುವಾಗಲೇ ಹಿರಿಯರನ್ನು ಕೇಳಬೇಕು. ಮುಂದೆ ತಮ್ಮ ಪರವಾಗಿ ಮಾತಾಡುವವರು ಮಗಳೋ, ಸೊಸೆಯೋ, ತಮ್ಮನೋ ಎಂಬುದನ್ನು ಅವರೇ ಹೆಸರಿಸಲು ಪತ್ರದಲ್ಲಿ ಜಾಗವಿರಬೇಕು. ಮಾಹಿತಿ ಬೇರೆ ಸಂಸ್ಥೆಗೋ ಔಷಧ ಕಂಪನಿಗೋ ಹೋದರೆ ಯಾರಿಗೆ, ಯಾತಕ್ಕೆ ಎಂದು ನಮಗೆ ತಿಳಿಸಬೇಕು. ಬೇಡವೆಂದವರ ಮಾಹಿತಿಯನ್ನು ಮುಂದಿನ ಹಂಚಿಕೆಯಿಂದ ತೆಗೆಯಬೇಕು.

ಇನ್ನೊಂದು ಮಾತು. ತಾಯಿ ಕೊಟ್ಟ ರಕ್ತದಲ್ಲಿ ಮಕ್ಕಳ ಗುಟ್ಟೂ ಇರುತ್ತದೆ. ಎಪಿಒಇ ವಂಶವಾಹಿಯ ಇ4 ರೂಪ ಕಾಯಿಲೆಯ ಸಂಭವವನ್ನು ಹೆಚ್ಚಿಸುತ್ತದೆ, ಆದರೆ ಕಾಯಿಲೆ ಬಂದೇ ಬರುತ್ತದೆಂದೇನಿಲ್ಲ. ಹೆಣ್ಣು ನೋಡಲು ಬಂದವರಿಗೆ, ವಿಮೆ ಮಾಡಿಸುವವರಿಗೆ ಈ ವ್ಯತ್ಯಾಸ ಯಾರು ಬಿಡಿಸಿ ಹೇಳುತ್ತಾರೆ? ವಂಶವಾಹಿಯ ನೆಪದಲ್ಲಿ ಆರೋಗ್ಯ ವಿಮೆಯಲ್ಲಿ ತಾರತಮ್ಯ ಸಲ್ಲದೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ಅಮೆರಿಕದಲ್ಲಿ 2008ರಲ್ಲೇ ಇದಕ್ಕೆಂದು ಪ್ರತ್ಯೇಕ ಕಾನೂನು ಬಂತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಾದರೋ ಸಂಶೋಧನೆಗೆ ಷರತ್ತಿನ ವಿನಾಯಿತಿ ಇದೆ. ಅದಕ್ಕೇ ಸಂಶೋಧನೆಗೆಂದು ಕೊಟ್ಟ ಮಾಹಿತಿ ವಿಮೆಗೂ ನೌಕರಿಗೂ ಬಳಕೆಯಾಗದಂತೆ ಕಾನೂನು ತರಲು ತಮ್ಮ ಇಲಾಖೆ ಶಿಫಾರಸು ಮಾಡಬೇಕು. ಫಲಿತಾಂಶ ತಿಳಿಯಬಯಸುವವರಿಗೆ ಆಪ್ತಸಲಹೆಗಾರರ ಮೂಲಕವೇ ತಿಳಿಸಬೇಕು, ಬೇಡವೆನ್ನುವವರನ್ನು ಅವರ ಪಾಡಿಗೆ ಬಿಡಬೇಕು.

ತಮ್ಮ ಲಿಖಿತ ಉತ್ತರ ದಯವಿಟ್ಟು ಕನ್ನಡದಲ್ಲೇ ಬರಲಿ. ಮನೆಯ ಹಿರಿಯರಿಗೆ ಅದನ್ನು ಓದಿ ಹೇಳಬೇಕಿದೆ.

ಇತಿ ತಮ್ಮ ವಿಶ್ವಾಸಿಗಳು,
ಮರೆವಿನ ಕಾಯಿಲೆಯವರ ಕುಟುಂಬದವರು,
ಬಾಗಲೂರು, ಬೆಂಗಳೂರು ಉತ್ತರ.