ಬೋರ್ಡೋ ಸೋಸುತ್ತೇವೆ, ಡೀಸೆಲಿಗೆ ಮಾತ್ರ ಬೈಯುತ್ತೇವೆ!

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಮಳೆಗಾಲದಲ್ಲಿ ಡೀಸೆಲ್ ಇಂಜಿನ್ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಬಂಕಿನವ ನೀರು ಹಾಕಿದ್ದಾನೆ ಮಾರಾಯ್ರೇ!" ಜೀಪಿನ ಡ್ರೈವರ್ ಹೇಳುವುದೂ ಇದನ್ನೇ, ಗ್ಯಾರೇಜಿನವರು ಹೇಳುವುದೂ ಇದನ್ನೇ, ತೋಟದ ಯಜಮಾನರು ಹೇಳುವುದೂ ಇದನ್ನೇ. ಈಗೀಗ ಅದಕ್ಕೊಂದು ಬಾಲ ಬೇರೆ ಸೇರಿಕೊಂಡಿದೆ, "ಎಥೆನಾಲ್ ಬೆರೆಸ್ತಾರಲ್ಲ, ಅದಕ್ಕೇ ಹೀಗೆ" ಅಂತ. ಸ್ವಾಮೀ, ಎಥೆನಾಲ್ ಬೆರೆಸುವುದು ಪೆಟ್ರೋಲಿಗೆ. ಬಂಕಿನಲ್ಲಿ ನಿಮ್ಮ ಕ್ಯಾನಿಗೆ ಬೀಳುವ ಡೀಸೆಲಿಗೆ ಅಲ್ಲ!

ನನಗೆ ಅನ್ನಿಸುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ಆ ನೀರನ್ನು ಬಂಕಿನಲ್ಲಿ ಹುಡುಕುವ ಮೊದಲು ನಮ್ಮ ಕೊಟ್ಟಿಗೆಯ ಮೂಲೆಯ ಡ್ರಮ್ಮಿನಲ್ಲಿ ಹುಡುಕಬೇಕು.

ತಕ್ಷಣ ಜಗಳಕ್ಕೆ ಬರಬೇಡಿ. ಕಲಬೆರಕೆ ಎಂಬುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಂಜುನಾಥ್ ಷಣ್ಮುಗಂ ನೆನಪಿದ್ದಾರಾ? ಕೆಜಿಎಫ್‌ನ ಹುಡುಗ, ಮೈಸೂರಿನ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್ ಓದಿ ಇಂಡಿಯನ್ ಆಯಿಲ್ ಸೇರಿದವರು. ಕಲಬೆರಕೆ ಮಾಡುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡರು ಅಂತ 2005ರ ನವೆಂಬರ್‌ನಲ್ಲಿ ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ, ಹೆಚ್ಚುಕಡಿಮೆ ಈಗಿನ ನನ್ನ ವಯಸ್ಸು. ಕಲಬೆರಕೆ ಅಷ್ಟು ಗಂಭೀರ ವಿಷಯ. ಅದಕ್ಕೇ ಕೇಳುತ್ತಿದ್ದೇನೆ, ಅಷ್ಟು ಗಂಭೀರವಾದ ಆರೋಪವನ್ನು ಒಂದು ಬಾಟಲಿ ಡೀಸೆಲನ್ನೂ ಬೆಳಕಿಗೆ ಹಿಡಿದು ನೋಡದೆ ಹೊರಿಸುವುದು ಸರಿಯಾ?

ಇನ್ನೊಂದು ಲೆಕ್ಕ ನೋಡಿ. ಕಲಬೆರಕೆಗೆ ಹೆಸರಾದದ್ದು ಸೀಮೆಎಣ್ಣೆ. ಅದು ಡೀಸೆಲಿನೊಂದಿಗೆ ಪೂರ್ತಿ ಬೆರೆತುಹೋಗುತ್ತದೆ, ಬೇರೆಯಾಗಿ ಕಾಣುವುದಿಲ್ಲ, ಯಾವ ಫಿಲ್ಟರಿಗೂ ಸಿಗುವುದಿಲ್ಲ. ನಿಮ್ಮ ಫಿಲ್ಟರಿನ ತಳದಲ್ಲಿ ನೀರು, ಕೆಂಪು ತುಕ್ಕು, ಕಪ್ಪು ಲೋಳೆ ಸಿಕ್ಕಿದರೆ ಅದು ಸೀಮೆಎಣ್ಣೆಯ ಗುರುತಲ್ಲ. ಕೊಳಕು ಟ್ಯಾಂಕಿನ ಗುರುತು. ಪ್ರೊಡಕ್ಷನ್‌ನಲ್ಲಿ ಬಗ್ ಬಂದಾಗ ಲಾಗ್ ನೋಡದೆ ಪಕ್ಕದ ಟೀಮಿಗೆ ಬೈಯುವವರನ್ನು ಆಫೀಸಿನಲ್ಲಿ ದಿನಾ ನೋಡುತ್ತೇನೆ. ಊರಿಗೆ ಬಂದರೆ ಇಲ್ಲಿಯೂ ಅದೇ ಕತೆ :)

ನೀರು ಹೇಗೆ ಬರುತ್ತದೆ? ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿರುತ್ತೇವೆ, ಸೂರಿನ ನೀರು ಅದರ ಮೇಲಿನ ಅಂಚಿನೊಳಗೆ ತಟ್ಟೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣಿದಾಗ ಕುಗ್ಗಿ ಮುಚ್ಚಳದ ಸಂದಿಯಿಂದ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿದೆ ಅಂತ ನೀವು ನೆಮ್ಮದಿಯಿಂದ ಇರುತ್ತೀರಿ! ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ಆಟಿ ತಿಂಗಳ ತೇವ ಬೆವರಿನ ಹಾಗೆ ಕಟ್ಟಿಕೊಳ್ಳುತ್ತದೆ. ಒದ್ದೆ ಆಲಿಕೆಯದ್ದೂ ಒಂದಿಷ್ಟು ಪಾಲು. ನೀರು ಡೀಸೆಲಿಗಿಂತ ಭಾರ, ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಆ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕಪ್ಪು ಲೋಳೆ ಅಂದೆನಲ್ಲ, ಅದು ಇವುಗಳದ್ದೇ ಸಂಸಾರ.

ಈಗ ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯಕ್ಕೆ ಬರುತ್ತೇನೆ. ಕೊಳೆರೋಗಕ್ಕೆ ಮದ್ದು ಬಿಡುವಾಗ ನಾವು ಎಷ್ಟು ಶಿಸ್ತು! 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಎರಡನ್ನೂ ಬೇರೆಬೇರೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಹದ ನೋಡಿ.. ಯಾಕೆ ಸೋಸುವುದು? ನಾಝಲ್ ಕಟ್ಟಬಾರದು ಅಂತ. ಆ ಪಂಪು ತಿರುಗಿಸುವ ಡೀಸೆಲ್ ಇಂಜಿನ್ನಿನ ಒಳಗೂ ಒಂದು ನಾಝಲ್ ಇದೆ, ಅದರ ತೂತು ಇನ್ನೂ ಚಿಕ್ಕದು. ಅದಕ್ಕೆ ಡೀಸೆಲ್ ಒತ್ತುವ ಪಂಪಿನ ಪ್ಲಂಜರಿಗೂ ಅದರ ಗೋಡೆಗೂ ಇರುವ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದರೆ ಅಂದಾಜು ಸಿಗಬಹುದು. ಅಲ್ಲಿಗೆ ಸೋಸದ ಡೀಸೆಲ್!

"ಬನಿಯನ್ ಬಟ್ಟೆ ಕಟ್ಟುತ್ತೇವಲ್ಲ" ಅನ್ನುತ್ತಾರೆ. ಬನಿಯನ್ನಿಗೆ ಇರುವೆ ಸಿಗುತ್ತದೆ, ತರಗೆಲೆ ಸಿಗುತ್ತದೆ. ನಯವಾದ ಮಣ್ಣು ಸಿಗುವುದಿಲ್ಲ, ನೀರು ಧಾರಾಳವಾಗಿ ಇಳಿಯುತ್ತದೆ. ಮೇಲಿಂದ ಬನಿಯನ್ನಿನ ನೂಲೇ ಒಂದಿಷ್ಟು ಒಳಗೆ ಹೋಗುತ್ತದೆ. ಇನ್ನು ಪೇಪರ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಮಹನೀಯರಿದ್ದಾರೆ. ಅವರಿಗೆ ದೊಡ್ಡ ನಮಸ್ಕಾರ!

ಇದರಲ್ಲೇನು ಅಷ್ಟು ದೊಡ್ಡದು ಅಂತೀರಾ? ಮದ್ದು ಬಿಡುವವರ ಒಂದು ದಿನ ಸಿಗಬೇಕಾದರೆ ಎಷ್ಟು ಫೋನು ಮಾಡಬೇಕು ಅಂತ ತೋಟ ಇರುವವರಿಗೆ ಗೊತ್ತು. ಮಳೆ ಎರಡು ದಿನ ಬಿಟ್ಟಿದೆ, ಆಳು ಮರದ ಮೇಲಿದ್ದಾನೆ, ಕೆಳಗೆ ಇಂಜಿನ್ ಕೆಮ್ಮಿ ನಿಂತಿತು ಅಂದರೆ ಹೋಯಿತು. ಮತ್ತೆ ಮಳೆ, ಮತ್ತೆ ಕೊಳೆ, ಅಂಗಳಕ್ಕೆ ಬರಬೇಕಾದ ಅಡಿಕೆ ಮರದ ಬುಡದಲ್ಲಿ. ರಾತ್ರಿ ಹೊತ್ತು ಗುತ್ತಿಗಾರು, ಪಂಜದ ಒಳಗಿನಿಂದ ಕಾಯಿಲೆಯವರನ್ನು ಪುತ್ತೂರಿಗೋ ಮಂಗಳೂರಿಗೋ ಜೀಪಿನಲ್ಲಿ ಕರೆದೊಯ್ಯುವಾಗ ನಿಂತರೆ ಏನಾಗುತ್ತದೆ ಅಂತ ನಾನು ಬರೆಯುವುದೇ ಬೇಡ.

ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಸಮುದ್ರ ಸುತ್ತುವವರಿಗೆ ಈ ಭಯ ಚೆನ್ನಾಗಿ ಗೊತ್ತು. ಅವರ ದೋಣಿಯಲ್ಲೂ ಚಿಕ್ಕ ಡೀಸೆಲ್ ಇಂಜಿನ್ ಇರುತ್ತದೆ. ಬಂದರಿನಲ್ಲಿ ನಿಂತಿರುವಾಗ ಕೊಳೆಯೆಲ್ಲ ಟ್ಯಾಂಕಿನ ತಳದಲ್ಲಿ ತೆಪ್ಪಗಿರುತ್ತದೆ. ಅಲೆ ಎದ್ದು ದೋಣಿ ಕುಲುಕಿದಾಗ ಮೇಲೆದ್ದು ಫಿಲ್ಟರ್ ಕಟ್ಟುತ್ತದೆ, ಬಂಡೆಯ ಹತ್ತಿರ ಇಂಜಿನ್ ತೀರಾ ಬೇಕಾದ ಹೊತ್ತಿಗೇ ನಿಲ್ಲುತ್ತದೆ. ಅದಕ್ಕೇ ಅವರು ಒಂದರ ಹಿಂದೊಂದು ಎರಡು ಫಿಲ್ಟರ್ ಇಟ್ಟು, ಮೊದಲನೆಯದರ ತಳದ ಪಾರದರ್ಶಕ ಬಟ್ಟಲಲ್ಲಿ ನೀರು ನಿಂತಿದೆಯಾ ಅಂತ ನೋಡುತ್ತಲೇ ಇರುತ್ತಾರೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ನಮ್ಮ ಜೀಪಿನ ಟ್ಯಾಂಕ್ ಕುಲುಕುವುದು ಅದಕ್ಕಿಂತ ಕಡಿಮೆಯೇನಲ್ಲ. ನಮ್ಮ ಹಳೇ ಜೀಪು, ಟ್ರ್ಯಾಕ್ಟರುಗಳಲ್ಲೂ ಎರಡು ಫಿಲ್ಟರ್ ಇದ್ದೇ ಇವೆ, ಒಂದು ಬಟ್ಟೆಯದ್ದು, ಇನ್ನೊಂದು ಪೇಪರಿನದ್ದು. ಸುಮ್ಮನೆ ಇಟ್ಟದ್ದಲ್ಲ ಅವು!

ಮಾಡಬೇಕಾದದ್ದು ಇಷ್ಟೇ. ಡ್ರಮ್ಮನ್ನು ಸೂರಿನ ಒಳಗೆ ಅಡ್ಡ ಮಲಗಿಸಿ, ಎರಡು ಮುಚ್ಚಳವೂ ಒಂದೇ ಮಟ್ಟದಲ್ಲಿ, ಡೀಸೆಲಿನಲ್ಲಿ ಮುಳುಗಿರುವ ಹಾಗೆ. ತಂದ ಡೀಸೆಲ್ ಒಂದು ದಿನ ತಣ್ಣಗೆ ನಿಲ್ಲಲಿ, ತಳದ ಎರಡು ಇಂಚನ್ನು ಇಂಜಿನ್ನಿಗೆ ಹಾಕಬೇಡಿ. ಜಿಂಕ್ ಲೇಪದ ಬಕೆಟು, ಟ್ಯಾಂಕಿನಲ್ಲಿ ಡೀಸೆಲ್ ಇಡಬೇಡಿ. ಮಳೆಗಾಲದಲ್ಲಿ ಟ್ಯಾಂಕ್ ಆದಷ್ಟು ತುಂಬಿಸಿಡಿ. ಫಿಲ್ಟರಿನ ಅಡಿಯ ಸ್ಕ್ರೂ ಬಿಚ್ಚಿ ವಾರಕ್ಕೊಮ್ಮೆ ನೀರು ಬಿಡಿ. ಹೊಸ ಫಿಲ್ಟರಿನ ಖರ್ಚು ನೂರುಗಳಲ್ಲಿ, ಕಾಮನ್ ರೈಲ್ ಗಾಡಿಯ ಇಂಜೆಕ್ಟರ್ ಹೋದರೆ ಸಾವಿರಗಳಲ್ಲಿ.

ಬಂಕಿನವರ ಮೇಲೆ ಅನುಮಾನ ಇದೆಯಾ? ಇರಲಿ, ಮಳೆಗೆ ಅವರ ಟ್ಯಾಂಕಿಗೂ ನೀರು ಇಳಿಯಬಹುದು. ಆದರೆ ಅವರು ಕೋಲಿಗೆ ಪೇಸ್ಟ್ ಹಚ್ಚಿ ಟ್ಯಾಂಕಿಗೆ ಇಳಿಸಿ ನೀರು ನೋಡುವ ಪದ್ಧತಿಯಾದರೂ ಇದೆ, ಡೆನ್ಸಿಟಿ ತೋರಿಸಿ ಅಂತ ಕೇಳುವ ಹಕ್ಕೂ ನಮಗಿದೆ. ನಮ್ಮ ಡ್ರಮ್ಮಿಗೆ ಯಾವತ್ತಾದರೂ ಯಾರಾದರೂ ಕೋಲು ಇಳಿಸಿದ್ದುಂಟಾ?

ಊರಲ್ಲಿ ತೋಟ ಇರುವ ಬ್ಲಾಗಿಗರೇ, ಮುಂದಿನ ಸಲ ಹೋದಾಗ ಎರಡು ಗಾಜಿನ ಬಾಟಲಿ ಹಿಡಿಯಿರಿ. ಒಂದಕ್ಕೆ ಬಂಕಿನಿಂದ ಆಗಷ್ಟೇ ತಂದ ಡೀಸೆಲ್, ಇನ್ನೊಂದಕ್ಕೆ ನಿಮ್ಮ ಡ್ರಮ್ಮಿನ ತಳದ್ದು. ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ಮೊದಲನೆಯದರಲ್ಲಿ ನೀರು ಕಂಡರೆ ಬಂಕಿಗೂ ಬೈಯಿರಿ, ಇಲ್ಲಿಗೆ ಬಂದು ನನಗೂ ಬೈಯಿರಿ. ಎರಡನೆಯದರಲ್ಲಿ ಮಾತ್ರ ಕಂಡರೆ? ಕಮೆಂಟು ಹಾಕದಿದ್ದರೂ ಅಡ್ಡಿಯಿಲ್ಲ, ಡ್ರಮ್ ತೊಳೆಯಿರಿ :)