ಆಟ ಯಾವಾಗ ಶುರುವಾಗುತ್ತೆ?

ಓಪನ್ ವರ್ಲ್ಡ್ ಗೇಮ್ ಹೊಸದಾಗಿ ಹಾಕಿಸಿಕೊಂಡವರಿಗೆ ಹಾಸ್ಟೆಲ್‌ನಲ್ಲಿ ಸಿಗುವ ಮೊದಲ ಸಲಹೆ ಯಾವಾಗಲೂ ಒಂದೇ: "ಮೊದಲ ಎರಡು ಗಂಟೆ ತಡ್ಕೊ ಮಗಾ, ಆಮೇಲೆ ಸಕತ್ತಾಗಿದೆ." ನಾವೆಲ್ಲ ಈ ಮಾತು ಕೇಳಿದ್ದೇವೆ, ಜೂನಿಯರ್‌ಗಳಿಗೆ ಹೇಳಿಯೂ ಇದ್ದೇವೆ. ಎಷ್ಟು ಸಲೀಸಾಗಿ ಹೇಳ್ತೀವಿ ಅಂದ್ರೆ, ಅದು ಹೊಗಳಿಕೆಯಾ ದೂರಾ ಅಂತ ಯೋಚನೆ ಮಾಡೋದನ್ನೇ ಬಿಟ್ಟಿದ್ದೇವೆ. ಯಾರಾದರೂ ಹೋಟೆಲಿಗೆ ಕರ್ಕೊಂಡು ಹೋಗಿ "ಇಲ್ಲಿ ಮೊದಲ ಎರಡು ದೋಸೆ ಸೀದಿರುತ್ತೆ, ಮೂರನೇದು ಸೂಪರ್" ಅಂದ್ರೆ ನಾವು ಕೂರ್ತೀವಾ?

ಈ ಎರಡು ಗಂಟೆಗೆ ಬೆಲೆಯೂ ಇದೆ. ಸ್ಟೀಮ್‌ನಲ್ಲಿ ಗೇಮ್ ತಗೊಂಡರೆ 14 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಪಡೆಯಬಹುದು, ಆದರೆ ಆಡಿದ್ದು 2 ಗಂಟೆ ದಾಟಿರಬಾರದು. ಮೂರು ಸಾವಿರದ ಮೇಲೆ ಕೊಟ್ಟು ತಗೊಂಡ ಗೇಮ್ ನಮಗೆ ಹಿಡಿಸುತ್ತಾ ಇಲ್ವಾ ಅಂತ ನೋಡೋಕೆ ಇರುವ ಸಮಯ ಅಷ್ಟೇ. ಆ ಸಮಯವೆಲ್ಲ ಯಾರದೋ ಕುದುರೆ ಹಿಂದೆ ಹೋಗೋದರಲ್ಲೇ ಮುಗಿದರೆ, ದುಡ್ಡು ಕೊಟ್ಟ ಆಟವನ್ನು ನಾವಿನ್ನೂ ನೋಡೇ ಇರಲ್ಲ, ವಾಪಸ್ ಕೊಡೋ ಅವಕಾಶ ಮಾತ್ರ ಮುಗಿದಿರುತ್ತೆ. ಪಾಕೆಟ್ ಮನಿ ಉಳಿಸಿ ಗೇಮ್ ತಗೊಳ್ಳುವವರಿಗೆ ಇದು ಸಣ್ಣ ವಿಷಯ ಅಲ್ಲ. ಇಂಟರ್ನಲ್ಸ್ ಮಧ್ಯೆ ಸಿಗುವ ಒಂದು ಭಾನುವಾರವೂ ಹಾಗೇ.

ಹಾಗಂತ ಗೇಮ್ ಮಾಡುವವರ ಕಷ್ಟ ಸುಳ್ಳಲ್ಲ. ಆಡುವವನಿಗೆ ಬಟನ್ ಗೊತ್ತಿಲ್ಲ, ಊರು ಗೊತ್ತಿಲ್ಲ, ತಾನು ಯಾರು ಅಂತಲೂ ಗೊತ್ತಿಲ್ಲ. ಹಾಗೇ ಬಯಲಲ್ಲಿ ಬಿಟ್ಟರೆ ಹತ್ತು ನಿಮಿಷ ಅಲೆದಾಡಿ, ಬೇಜಾರಾಗಿ, ಮುಚ್ಚಿಟ್ಟು ಊಟಕ್ಕೆ ಹೋಗ್ತಾನೆ. ಕಥೆಯೇ ಇಲ್ಲದ ಮೈನ್‌ಕ್ರಾಫ್ಟ್ ಇದೆಯಲ್ಲ ಅನ್ನಬಹುದು. ಅಲ್ಲೂ ಒಂದು ಆರಂಭ ಇದೆ: ಮೊದಲ ರಾತ್ರಿ. ಕತ್ತಲಾದ ಕೂಡಲೇ ಝಾಂಬಿ ಬರುತ್ತೆ, ಅಷ್ಟರಲ್ಲಿ ಮರ ಒಡೆದು ಒಂದು ಗೂಡು ಕಟ್ಟಿಕೊಂಡಿರಬೇಕು. ಯಾರೂ ಹೇಳಿಕೊಡದೆ ಕಲಿಯೋದು ಅಂದ್ರೆ ಅದು.

ಈ ಚರ್ಚೆ ನಮ್ಮಲ್ಲಿ ಬಂದಾಗಲೆಲ್ಲ ನಿಮಿಷದ ಲೆಕ್ಕಕ್ಕೆ ಇಳಿಯುತ್ತೆ. ಇಷ್ಟು ಉದ್ದ ಇದ್ದರೆ ಜಾಸ್ತಿ, ಅಷ್ಟಿದ್ದರೆ ಸರಿ, ಅಂತ. ನಮ್ಮ ಪ್ರಕಾರ ಗಡಿಯಾರ ಹಿಡ್ಕೊಂಡು ಅಳೆಯೋದರಿಂದ ಏನೂ ಗೊತ್ತಾಗಲ್ಲ. ಕೇಳಬೇಕಾದ್ದು ಇದು: ಆರಂಭದಲ್ಲಿ ಆಡಿಸಿದ ಆಟ ಮತ್ತು ಆಮೇಲೆ ಆಡುವ ಆಟ, ಎರಡೂ ಒಂದೇನಾ? ಫಸ್ಟ್ ಇಯರ್‌ನ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ನೆನಪಿಸಿಕೊಳ್ಳಿ. ಅದು ಒಂದು ವರ್ಷ ಉದ್ದ ಇತ್ತು ಅನ್ನೋದು ನಮ್ಮ ಗೊಣಗಾಟ ಆಗಿರಲಿಲ್ಲ. ಅಲ್ಲಿ ಕಲಿತದ್ದರಲ್ಲಿ ಯಾವುದು ಮುಂದೆ ನಮ್ಮ ಬ್ರಾಂಚಿನಲ್ಲಿ ಕೈಗೆ ಬರುತ್ತೆ, ಯಾವುದು ಪರೀಕ್ಷೆ ಮುಗಿದ ದಿನವೇ ಮರೆಯೋದು ಅಂತ ಯಾರೂ ಹೇಳದಿದ್ದದ್ದೇ ಗೊಣಗಾಟ.

ಕೈ ಹಿಡಿದು ನಡೆಸುತ್ತಲೇ ಸ್ವಾತಂತ್ರ್ಯ ಕೊಡಬಹುದು ಅನ್ನೋದಕ್ಕೆ ನಮಗೆ ಗೊತ್ತಿರುವ ಒಳ್ಳೆಯ ಉದಾಹರಣೆ 2017ರ ಜೆಲ್ಡಾ, ಬ್ರೆತ್ ಆಫ್ ದಿ ವೈಲ್ಡ್. (ಕ್ಯಾಂಪಸ್‌ನಲ್ಲಿ ಸ್ವಿಚ್ ಇರುವವರು ಕಮ್ಮಿ. ಇರುವವರ ರೂಮಿನಲ್ಲಿ ಜಾಗ ಕಮ್ಮಿ.) ಲಿಂಕ್ ಗುಹೆಯಲ್ಲಿ ಎಚ್ಚರಾಗ್ತಾನೆ, ಹೊರಗೆ ಓಡಿ ಬರ್ತಾನೆ, ಇಡೀ ಹೈರೂಲ್ ಕಣ್ಣಮುಂದೆ. ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ಅನಿಸುತ್ತೆ. ನಿಜವಾಗಿ ನೋಡಿದರೆ ಹೋಗೋಕಾಗಲ್ಲ. ಅವನು ನಿಂತಿರುವ ಗ್ರೇಟ್ ಪ್ಲಾಟೋ ಸುತ್ತಲೂ ಕಡಿದಾದ ಪ್ರಪಾತ, ಹಾರಿದರೆ ಸಾವು. ಇಳಿಯೋಕೆ ಪ್ಯಾರಾಗ್ಲೈಡರ್ ಬೇಕು. ಅದು ಒಬ್ಬ ಮುದುಕನ ಹತ್ತಿರ ಇದೆ, ನಾಲ್ಕು ಶ್ರೈನ್ ಮುಗಿಸದೆ ಅವನು ಕೊಡಲ್ಲ. ಅಂದ್ರೆ ಇದೂ ಪಂಜರವೇ, ಸಾಕಷ್ಟು ಗಟ್ಟಿ ಪಂಜರ.

ಆದರೂ ಉಸಿರು ಕಟ್ಟಿದ ಹಾಗೆ ಯಾಕೆ ಆಗಲ್ಲ? ಪಂಜರದ ಸರಳುಗಳೂ ಆಟದ ನಿಯಮಗಳಿಂದಲೇ ಮಾಡಿದ್ದು. ಎತ್ತರದಿಂದ ಬಿದ್ದರೆ ಸಾಯ್ತೀರಿ ಅನ್ನೋದು ಪ್ಲಾಟೋದಲ್ಲೂ ನಿಜ, ನೂರು ಗಂಟೆ ಆಡಿದ ಮೇಲೂ ನಿಜ. ನಾಲ್ಕು ಶ್ರೈನ್‌ಗಳನ್ನು ಯಾವ ಕ್ರಮದಲ್ಲಾದರೂ ಮಾಡಿ. ಬೆಟ್ಟದ ಮೇಲೆ ಚಳಿಗೆ ಜೀವ ಕರಗುತ್ತೆ. ಖಾರದ ಮೆಣಸು ಹಾಕಿ ಅಡುಗೆ ಮಾಡಿ ತಿನ್ನಬಹುದು, ಪಂಜು ಹಿಡ್ಕೊಂಡು ಹೋಗಬಹುದು, ಬೆಚ್ಚಗಿನ ಅಂಗಿ ಸಂಪಾದಿಸಬಹುದು, ಇಲ್ಲಾ ಮೊಂಡುತನದಿಂದ ತಿನ್ನುತ್ತಾ ಓಡಬಹುದು. ಕಂದಕ ಎದುರಾಯ್ತು, ಪಕ್ಕದಲ್ಲಿ ಮರ ಇದೆ: ಕಡಿದು ಅಡ್ಡ ಬೀಳಿಸಿದರೆ ಸೇತುವೆ. ಅಲ್ಲಿಂದ ಇಳಿದ ಮೇಲೆ ಬೇಕಿದ್ದರೆ ನೇರವಾಗಿ ಕೊನೆಯ ಶತ್ರು ಗ್ಯಾನನ್ ಹತ್ತಿರವೇ ಹೋಗಿ, ಯಾರೂ ತಡೆಯಲ್ಲ. ಬದುಕಿ ಬರೋದು ನಿಮಗೆ ಬಿಟ್ಟಿದ್ದು. ಹಸುವನ್ನು ಗೂಟಕ್ಕೆ ಕಟ್ಟಿದರೂ ಹಗ್ಗ ಉದ್ದ ಬಿಟ್ಟು ಮೇಯೋಕೆ ಬಿಡ್ತಾರಲ್ಲ, ಆ ಥರ.

ಈಗ ಇನ್ನೊಂದು ಕಡೆ ಬನ್ನಿ. 2018ರ ರೆಡ್ ಡೆಡ್ ರಿಡೆಂಪ್ಶನ್ 2. ಇದನ್ನು ಟೀಕಿಸಿದರೆ ನಮ್ಮ ಕ್ಲಬ್‌ನಲ್ಲೇ ಅರ್ಧ ಜನ ಮಾತು ಬಿಡ್ತಾರೆ, ಇರಲಿ. ಈ ಗೇಮ್ ಕಟ್ಟಿದ ರಾಕ್‌ಸ್ಟಾರ್ ಸ್ಟುಡಿಯೋಗಳಲ್ಲಿ ಬೆಂಗಳೂರಿನದ್ದೂ ಒಂದು. 1997ರಿಂದ ಬೆಂಗಳೂರಿನಲ್ಲಿದ್ದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು, ಅದೂ ಅದೇ ಸ್ಟುಡಿಯೋದ ಜೊತೆ ಸೇರಿತು. ಹಾಗಾಗಿ ಇದು ಎಲ್ಲೋ ದೂರದವರ ಮೇಲೆ ಕೂತಲ್ಲೇ ಮಾಡುವ ಟೀಕೆ ಅಲ್ಲ. ನಮ್ಮ ಸೀನಿಯರ್‌ಗಳು ಕೆಲಸಕ್ಕೆ ಅರ್ಜಿ ಹಾಕುವ ಜಾಗವೇ.

ಕಥೆ 1899ರದ್ದು. ಬ್ಲ್ಯಾಕ್‌ವಾಟರ್‌ನಲ್ಲಿ ದರೋಡೆ ಕೆಟ್ಟು, ಡಚ್‌ನ ಗ್ಯಾಂಗ್ ಹಿಮದ ಬಿರುಗಾಳಿಯಲ್ಲಿ ಕೋಲ್ಟರ್ ಅನ್ನುವ ಪಾಳು ಊರು ಸೇರುತ್ತೆ. ಮೊದಲ ಅಧ್ಯಾಯ ಪೂರ್ತಿ ಅಲ್ಲೇ. ದೃಶ್ಯಗಳನ್ನೆಲ್ಲ ನೋಡಿಕೊಂಡು ಆಡಿದರೆ ಆ ಸ್ಟೀಮ್‌ನ ಎರಡು ಗಂಟೆ ಆರಾಮಾಗಿ ಖಾಲಿ. ಈ ಹೊತ್ತಿನಲ್ಲಿ ನಾವು ಮಾಡೋದು ಏನು? ಮುಂದೆ ಹೋಗುವವನ ಕುದುರೆ ಹಿಂದೆ ಹೋಗೋದು. ನಿಲ್ಲು ಅಂದಲ್ಲಿ ನಿಲ್ಲೋದು, ಶೂಟ್ ಮಾಡು ಅಂದಾಗ ಮಾಡೋದು. ಸ್ವಲ್ಪ ದಾರಿ ಬಿಟ್ಟು ದೂರ ಹೋದರೆ ಮಿಷನ್ ಫೇಲ್. ಆಮೇಲೆ ಎರಡನೇ ಅಧ್ಯಾಯದಲ್ಲಿ ಹಿಮ ಕರಗಿ, ಹಾರ್ಸ್‌ಶೂ ಓವರ್‌ಲುಕ್‌ನ ಬಿಸಿಲಲ್ಲಿ ಗೇಮ್ ಇದ್ದಕ್ಕಿದ್ದಂತೆ "ಹೋಗು, ಎಲ್ಲಿ ಬೇಕಾದರೂ ಹೋಗು" ಅನ್ನುತ್ತೆ. ಹಿಂದೆ ಹಿಂದೆ ಬಾ ಅಂತ ಎರಡು ಗಂಟೆ ಪಾಠ ಮಾಡಿ ಆಮೇಲೆ ಸ್ವಂತ ಬುದ್ಧಿ ಉಪಯೋಗಿಸು ಅಂದ್ರೆ ಹೇಗೆ? ಅಷ್ಟೇ ಅಲ್ಲ, ಆ ಗೇಮ್‌ನಲ್ಲಿ ಕೊನೆವರೆಗೂ ಎರಡು ಆಟಗಳಿವೆ. ಮಿಷನ್ ಹೊರಗೆ ನೀವು ರಾಜ. ಮಿಷನ್ ಒಳಗೆ ಹೋದ ಕೂಡಲೇ ಮತ್ತೆ ಕೋಲ್ಟರ್.

ನ್ಯಾಯವಾಗಿ ಹೇಳಬೇಕಂದ್ರೆ, ಆ ಹಿಮದಲ್ಲೇ ನಮಗೆ ತುಂಬಾ ಇಷ್ಟವಾದ ಒಂದು ಭಾಗವೂ ಇದೆ. ಕ್ಯಾಂಪಿನಲ್ಲಿ ತಿನ್ನೋಕೆ ಏನೂ ಇಲ್ಲ. ಚಾರ್ಲ್ಸ್‌ನ ಕೈ ಸುಟ್ಟಿದೆ, ಬಿಲ್ಲು ಎಳೆಯೋಕಾಗಲ್ಲ. ಹಾಗಾಗಿ ಬಿಲ್ಲು ಆರ್ಥರ್ ಕೈಗೆ ಬರುತ್ತೆ, ಇಬ್ಬರೂ ಜಿಂಕೆ ಹುಡುಕಿಕೊಂಡು ಹೋಗ್ತಾರೆ. ಹೆಜ್ಜೆ ಗುರುತು ನೋಡೋದು, ಸದ್ದು ಮಾಡದೆ ನಡೆಯೋದು, ಎಲ್ಲ ಅಲ್ಲೇ ಕಲಿತೀವಿ. ಅದು ಟ್ಯುಟೋರಿಯಲ್ ಅಂತ ಅನಿಸೋದೇ ಇಲ್ಲ, ಯಾಕಂದ್ರೆ ಹಸಿದವರನ್ನು ಈಗ ತಾನೇ ನೋಡಿ ಬಂದಿದ್ದೇವೆ. ಅಲ್ಲಿ ಕಲಿತ ಬೇಟೆ ಇಡೀ ಗೇಮ್ ಮುಗಿಯುವವರೆಗೂ ಹಾಗೇ ನಡೆಯುತ್ತೆ. ಕೋಲ್ಟರ್ ಪೂರ್ತಿ ಹೀಗೇ ಇದ್ದಿದ್ದರೆ, ಮೂರು ಗಂಟೆ ಆದರೂ ನಾವು ಬಾಯಿ ಬಿಡ್ತಿರಲಿಲ್ಲ.

ಕಥೆ ಮತ್ತು ಸ್ವಾತಂತ್ರ್ಯ ಜಗಳ ಆಡುವ ಇನ್ನೊಂದು ಜಾಗ ಇದೆ, ಅದರ ಬಗ್ಗೆ ಮಾತು ಕಮ್ಮಿ. ಅದು ಅವಸರ. ಫಾಲ್‌ಔಟ್ 4 (2015) ಶುರುವಿನಲ್ಲೇ ನಮ್ಮ ಕಣ್ಣೆದುರಿಗೆ ಸಂಗಾತಿಯನ್ನು ಕೊಂದು ಎಳೇ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ವಾಲ್ಟ್ 111ರಿಂದ ಹೊರಗೆ ಬಂದ ತಂದೆಯೋ ತಾಯಿಯೋ ಏನು ಮಾಡಬೇಕು? ಓಡಬೇಕು. ನಾವು ಏನು ಮಾಡ್ತೀವಿ? ಪ್ರೆಸ್ಟನ್ ಹೇಳಿದ ಅಂತ ಯಾವುದೋ ಹಳ್ಳಿಗೆ ಮಂಚ, ನೀರಿನ ಪಂಪು ಹಾಕಿಸಿಕೊಂಡು, ತರಕಾರಿ ನೆಟ್ಟುಕೊಂಡು ಕೂರ್ತೀವಿ. ಸೈಬರ್‌ಪಂಕ್ 2077ರಲ್ಲಿ ವೀ ತಲೆಯೊಳಗೆ ಚಿಪ್ ಕೂತಿದೆ, ಬದುಕಿರೋದು ಕೆಲವೇ ವಾರ ಅಂತ ಡಾಕ್ಟರ್ ಹೇಳ್ತಾನೆ. ಅದೇ ವೀ ಆಮೇಲೆ ಕಾರು ಕೊಳ್ಳುತ್ತಾ, ಬಾಕ್ಸಿಂಗ್ ಆಡುತ್ತಾ ಊರು ಸುತ್ತಬಹುದು. ವಿಚರ್ 3ರ ಗೆರಾಲ್ಟ್‌ನಂತೂ ಕೇಳಲೇಬೇಡಿ. ವೈಲ್ಡ್ ಹಂಟ್ ಮಗಳ ಹಿಂದೆ ಬಿದ್ದಿದೆ, ಅಪ್ಪ ಹೋಟೆಲಿನಲ್ಲಿ ಕೂತು ಗ್ವೆಂಟ್ ಇಸ್ಪೀಟು ಆಡ್ತಿದ್ದಾನೆ.

ಇದನ್ನು ನಾವು ನಗಾಡಿಕೊಂಡು ಮೀಮ್ ಮಾಡ್ತೀವಿ. ಆದರೆ ಯೋಚಿಸಿ ನೋಡಿದರೆ ಇಲ್ಲಿ ತಪ್ಪು ಆಡುವವನದ್ದಲ್ಲ. ಮೊದಲ ಅರ್ಧ ಗಂಟೆಯಲ್ಲಿ "ಬೇಗ ಬಾ" ಅಂತ ಅಳಿಸಿ, ಆಮೇಲೆ "ನಿಧಾನವಾಗಿ ನೋಡಿಕೊಂಡು ಬಾ" ಅಂತ ಇಷ್ಟು ದೊಡ್ಡ ಮ್ಯಾಪ್ ಬಿಡಿಸಿಟ್ಟವರದ್ದು. ಕಥೆ ಕೇಳಿದರೆ ಸುತ್ತಾಡೋದು ಪಾಪ ಅನಿಸುತ್ತೆ, ಸುತ್ತಾಡಿದರೆ ಕಥೆ ಸುಳ್ಳು ಅನಿಸುತ್ತೆ.

ಫಾಲ್‌ಔಟ್: ನ್ಯೂ ವೇಗಸ್ (2010) ಇದನ್ನು ಸಲೀಸಾಗಿ ದಾಟಿದೆ. ನೀವು ಒಬ್ಬ ಕೊರಿಯರ್. ತಲೆಗೆ ಗುಂಡು ಹೊಡೆದು ಹೂತು ಹೋಗ್ತಾರೆ, ಗುಡ್‌ಸ್ಪ್ರಿಂಗ್ಸ್ ಅನ್ನುವ ಚಿಕ್ಕ ಊರಿನ ಡಾಕ್ಟರ್ ಉಳಿಸ್ತಾನೆ. ಹೊಡೆದವನನ್ನು ಹುಡುಕಬೇಕು, ಅಷ್ಟೇ. ಅದಕ್ಕೆ ಗಡುವು ಇಲ್ಲ. ಸೇಡು ಆರು ತಿಂಗಳು ಕಾದರೂ ಸೇಡೇ, ಬೇಕಿದ್ದರೆ ಮರೆತೂ ಬಿಡಬಹುದು. ಬಂದೂಕು ಹಿಡಿಯೋದು ಕಲಿಸೋಕೆ ಸನ್ನಿ ಸ್ಮೈಲ್ಸ್ ಅನ್ನುವ ಹುಡುಗಿ ಇದ್ದಾಳೆ, ಬೇಡ ಅಂದ್ರೆ ಊರು ಬಿಟ್ಟು ಹೊರಡಿ. ದೂರದಲ್ಲಿ ವೇಗಸ್‌ನ ದೀಪ ಕಾಣುತ್ತೆ. ಉತ್ತರಕ್ಕೆ ನೇರ ದಾರಿ ಇದೆ, ಆದರೆ ಅಲ್ಲಿ ಡೆತ್‌ಕ್ಲಾಗಳಿವೆ. ಒಂದೇ ಏಟಿಗೆ ಎರಡು ತುಂಡು. ಹಾಗಾಗಿ ಹೆಚ್ಚಿನವರು ದಕ್ಷಿಣಕ್ಕೆ ಪ್ರಿಮ್, ನಿಪ್ಟನ್, ನೋವ್ಯಾಕ್ ಅಂತ ಸುತ್ತು ಹಾಕಿಕೊಂಡು ಹೋಗ್ತಾರೆ, ಕಥೆಯೂ ಅದೇ ದಾರಿಯಲ್ಲಿ ಬರುತ್ತೆ. ಗೋಡೆ ಎಲ್ಲೂ ಇಲ್ಲ. ಹುಷಾರಾಗಿ ನುಸುಳಿ ಉತ್ತರದಿಂದಲೇ ವೇಗಸ್ ಸೇರಿದವರೂ ಇದ್ದಾರೆ. ಅವರು ಆ ಕಥೆ ಹೇಳೋಕೆ ಶುರು ಮಾಡಿದರೆ ಮೆಸ್ ಮುಚ್ಚುವವರೆಗೂ ನಿಲ್ಲಿಸಲ್ಲ.

ಹಾಗಾದರೆ ಪೂರ್ತಿ ಕೈಬಿಟ್ಟುಬಿಡೋದೇ ಸರಿಯಾ? ಎಲ್ಡೆನ್ ರಿಂಗ್ (2022) ಹತ್ತಿರ ಹತ್ತಿರ ಹಾಗೇ ಮಾಡಿತು. ಅದರ ಟ್ಯುಟೋರಿಯಲ್ ಒಂದು ಹೊಂಡದ ಕೆಳಗಿದೆ, ಹಾರಬೇಕೋ ಬೇಡವೋ ನಿಮ್ಮಿಷ್ಟ. ಹಾರದೆ ಮುಂದೆ ಹೋದವರಿಗೆ ಬಾಗಿಲು ತೆಗೆದ ಕೂಡಲೇ ಚಿನ್ನದ ಕವಚ ತೊಟ್ಟು ಕುದುರೆ ಮೇಲೆ ಕೂತ ಟ್ರೀ ಸೆಂಟಿನೆಲ್ ಸಿಗ್ತಾನೆ. ಅವನಿಂದ ಕಲಿಯುವ ಪಾಠ ದೊಡ್ಡದೇ: ಇಲ್ಲಿ ಎಲ್ಲವನ್ನೂ ಈಗಲೇ ಹೊಡೆಯಬೇಕಿಲ್ಲ, ಪಕ್ಕದಿಂದ ಹೋಗು. ನಮ್ಮ ಮಟ್ಟಿಗೆ ಇದು ಅದ್ಭುತ. ಆದರೆ ಇಂಥ ಗೇಮ್ ಮೊದಲ ಸಲ ಆಡುವವನು ಬ್ಲಾಕ್ ಮಾಡುವ ಬಟನ್ ಯಾವುದು ಅಂತ ತಿಳಿಯೋ ಮುಂಚೆ ಹತ್ತು ಸಲ ಸತ್ತು, ಅಲ್ಲಿಗೇ ಅನ್‌ಇನ್‌ಸ್ಟಾಲ್ ಮಾಡಿದರೆ ಅವನನ್ನು ಬೈಯೋಕೂ ನಮಗೆ ಮನಸ್ಸಿಲ್ಲ. "ಗಿಟ್ ಗುಡ್" ಅನ್ನೋದು ಸುಲಭ.

ನಮಗೆ ಸಣ್ಣವರಿದ್ದಾಗ ಈ ತಲೆಬಿಸಿಯೇ ಇರಲಿಲ್ಲ ಅನ್ನೋದೂ ನಿಜ. ವೈಸ್ ಸಿಟಿಯಲ್ಲಿ ಹೋಟೆಲ್‌ವರೆಗೆ ಕಾರು ಓಡಿಸಿದರೆ ಮುಗೀತು, ಊರು ನಮ್ಮದು. ಚಂಡಮಾರುತದ ನೆಪ ಹೇಳಿ ಸೇತುವೆ ಮುಚ್ಚಿದ್ದಾರೆ ಅಂತ ಯಾರಿಗೆ ಗೊತ್ತಿತ್ತು? ಪ್ಯಾಂಜರ್ ಅಂತ ಟೈಪ್ ಮಾಡಿದರೆ ಟ್ಯಾಂಕ್ ಬೀಳ್ತಿತ್ತು, ಸಾಕಾಗಿತ್ತು. ಅದಕ್ಕೊಂದು ಕಥೆ ಇದೆ ಅಂತ ನಮ್ಮಲ್ಲಿ ಸುಮಾರು ಜನಕ್ಕೆ ಗೊತ್ತಾಗಿದ್ದು ಪಿಯುಸಿಗೆ ಬಂದ ಮೇಲೆ.

ಕೊನೆಗೆ ಒಂದು ಬೇಡಿಕೆ, ಇದರಲ್ಲಿ ಮಾತ್ರ ಕ್ಲಬ್‌ನಲ್ಲಿ ಎಲ್ಲರೂ ಒಂದೇ. ಎರಡನೇ ಸಲ ಆಡುವವರನ್ನು ಬಿಟ್ಟುಬಿಡಿ. ಸ್ಕೈರಿಮ್‌ನಲ್ಲಿ (2011) ಕೈ ಕಟ್ಟಿಸಿಕೊಂಡು ಗಾಡಿಯಲ್ಲಿ ಹೆಲ್ಗೆನ್‌ಗೆ ಹೋಗೋದು, ತಲೆ ಕಡಿಯುವ ಹೊತ್ತಿಗೆ ಡ್ರ್ಯಾಗನ್ ಬರೋದು, ಮೊದಲ ಸಲ ಮೈ ಜುಂ ಅನ್ನುತ್ತೆ. ಐದನೇ ಸಲ ಅದೇ ಗಾಡಿ, ಅದೇ ಮಾತು, ನಾವು ಚಹಾ ಕುಡಿಯೋಕೆ ಎದ್ದು ಹೋಗ್ತೀವಿ. ಅದಕ್ಕೇ ಜನ ಆಲ್ಟರ್ನೇಟ್ ಸ್ಟಾರ್ಟ್ ಅನ್ನುವ ಮಾಡ್ ಹಾಕಿಕೊಂಡು ಹಡಗು ಒಡೆದು ದಡ ಸೇರಿದವರಾಗಿಯೋ, ಯಾವುದೋ ಊರಿನ ಛತ್ರದಲ್ಲಿ ತಂಗಿದ ದಾರಿಹೋಕರಾಗಿಯೋ ಶುರು ಮಾಡ್ತಾರೆ. ಒಬ್ಬ ಮಾಡರ್ ಕೊಟ್ಟ ಆ ಸೌಲಭ್ಯವನ್ನು ಕಂಪನಿ ಕೊಡೋಕಾಗಲ್ವಾ? ಆಗುತ್ತೆ. 2023ರಲ್ಲಿ ಫ್ಯಾಂಟಮ್ ಲಿಬರ್ಟಿ ಬಂದಾಗ, ಸೈಬರ್‌ಪಂಕ್ ಹೊಸದಾಗಿ ಶುರು ಮಾಡುವವರಿಗೆ ನೇರ ಆ ಭಾಗಕ್ಕೇ ಹೋಗುವ ಆಯ್ಕೆ ಇಟ್ಟರು. ಮೆನುವಿನಲ್ಲಿ ಒಂದು ಸಾಲು, ಅಷ್ಟೇ.

ಕೋಲ್ಟರ್ ಪರ ವಾದ ಮಾಡುವವರು ಇದ್ದೇ ಇರ್ತೀರಿ, ನಮ್ಮ ಪಕ್ಕದ ರೂಮಿನಲ್ಲೇ ಇಬ್ಬರಿದ್ದಾರೆ. ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಆದರೆ ದಯವಿಟ್ಟು ವಿಷಯಕ್ಕೆ ಬರೋಕೆ ಎರಡು ಪುಟ ತಗೋಬೇಡಿ.