ಕ್ಷ-ಕಿರಣ ಚಿತ್ರ ರೋಗಿಯ ಕೈಯಲ್ಲೇ ಇರಲಿ

ಕಾಫಿ ಕೊಯ್ಲಿನ ಮತ್ತು ಅಡಿಕೆ ಸುಗ್ಗಿಯ ಕಾಲಕ್ಕೆ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕೆಲಸಗಾರರು ನಮ್ಮ ಸೀಮೆಗೆ ಬರುವುದು ಸದಸ್ಯ ಬಾಂಧವರೆಲ್ಲರಿಗೂ ತಿಳಿದ ಸಂಗತಿ. ಅವರು ಬರುವ ಮೊದಲು ಕೂಲಿ, ವಸತಿ, ಅಕ್ಕಿ-ಜೋಳಗಳ ಮಾತು ಆಗುತ್ತದೆ. ಮರದಿಂದ ಬಿದ್ದರೆ, ಏಣಿ ಜಾರಿದರೆ ಏನು ಮಾಡಬೇಕೆಂಬ ಮಾತು ಮಾತ್ರ ಬಿದ್ದ ಮೇಲೆಯೇ ಹುಟ್ಟುತ್ತದೆ. ಆಗ ಎಲ್ಲರೂ ಹೇಳುವುದು ಒಂದೇ: "ಒಂದು ಎಕ್ಸ್‌ರೇ ತೆಗೆಸಿ."

ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿ ತಾಲ್ಲೂಕಿನಿಂದ ಬಂದ ಒಬ್ಬ ಕೆಲಸಗಾರನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆತ ಇಲ್ಲಿ ಬಿದ್ದು ಮುಂಗೈ ಮುರಿದುಕೊಂಡ. ಇಲ್ಲಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದರು. ದುಡಿಯಲಾಗದವನು ಇಲ್ಲಿದ್ದು ಮಾಡುವುದೇನು? ಊರಿಗೆ ಹೋದ. ಕೆಲವು ವಾರಗಳ ನಂತರ ಗೋಕಾಕದ ವೈದ್ಯರು ಪ್ಲಾಸ್ಟರ್ ಬಿಚ್ಚುವ ಮೊದಲು ಕೇಳುವ ಪ್ರಶ್ನೆ, "ಮೊದಲ ಫಿಲ್ಮ್ ಎಲ್ಲಿ?" ಅದು ತೋಟದ ಲೈನುಮನೆಯ ಅಟ್ಟದಲ್ಲೋ ಮಾಲೀಕರ ಕಪಾಟಿನಲ್ಲೋ ಉಳಿದಿರುತ್ತದೆ. ಹೊಸದಾಗಿ ಇನ್ನೊಂದು ತೆಗೆಯಬಹುದು. ಆದರೆ ಮುರಿದ ದಿನ ಮೂಳೆ ಹೇಗಿತ್ತು, ಕೂಡಿಸಿದ ಮೇಲೆ ಹೇಗೆ ಕುಳಿತಿತ್ತು ಎಂಬುದನ್ನು ಯಾವ ಯಂತ್ರವೂ ಮತ್ತೆ ತೆಗೆದು ತೋರಿಸಲಾರದು. ಸರಿಯಾಗಿ ಕೂಡಿದೆಯೋ ಜಾರಿದೆಯೋ ಎಂದು ತೀರ್ಮಾನಿಸಲು ಹೋಲಿಕೆ ಬೇಕು. ಹೋಲಿಕೆ ಇಲ್ಲದಿದ್ದರೆ ಆ ಬಡವ ಬೆಳಗಾವಿಗೋ ಮಿರಜಕ್ಕೋ ಅಲೆಯಬೇಕಾದೀತು.

ಆದ್ದರಿಂದ ಎಕ್ಸ್‌ರೇ ವಿಭಾಗಕ್ಕೆ ಹೋಗುವವರು ಅಲ್ಲಿ ಏನು ನಡೆಯುತ್ತದೆಂದು ತಿಳಿದು ಹೋಗಬೇಕು. ಬರುವಾಗ ಚಿತ್ರವನ್ನೂ ವರದಿಯನ್ನೂ ಕೇಳಿ ಪಡೆದು ಬರಬೇಕು ಎಂಬುದು ನನ್ನ ಅಭಿಪ್ರಾಯ.

ಜರ್ಮನಿಯ ವಿಜ್ಞಾನಿ ರಾಂಟ್ಜೆನ್ 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿದಾಗ, ಇವು ಏನೆಂದು ತಿಳಿಯದ ಕಾರಣ 'ಎಕ್ಸ್' ಎಂದು ಹೆಸರಿಟ್ಟ. ಇಂದು ಅವುಗಳ ಗುಣ ಚೆನ್ನಾಗಿ ತಿಳಿದಿದೆ. ನಮ್ಮ ಜನರಲ್ಲಿ ಮಾತ್ರ ಅಂಜಿಕೆ ಇನ್ನೂ ಉಳಿದಿದೆ.

ವಿಭಾಗದಲ್ಲಿ ಮೊದಲು ವೈದ್ಯರ ಚೀಟಿ ನೋಡಿ ಹೆಸರು, ವಯಸ್ಸು ಬರೆದುಕೊಳ್ಳುತ್ತಾರೆ. ಎಡಗೈಯೋ ಬಲಗೈಯೋ ಎಂಬುದನ್ನು ರೋಗಿಯೂ ಬಾಯಿಬಿಟ್ಟು ಹೇಳಬೇಕು. ಚಿತ್ರ ತೆಗೆಯುವ ಭಾಗದ ಮೇಲಿರುವ ಬಳೆ, ಸರ, ತಾಯಿತ, ಉಡಿದಾರ, ಲೋಹದ ಗುಂಡಿಗಳನ್ನು ತೆಗೆಯಲು ಹೇಳುತ್ತಾರೆ. ಲೋಹದ ನೆರಳು ಮೂಳೆಯನ್ನು ಮರೆಮಾಡುತ್ತದೆ. ಮುಂಗೈ ಚಿತ್ರಕ್ಕೆ ತಾಳಿ ತೆಗೆಯಬೇಕಾಗಿಲ್ಲ. ಎದೆಯ ಚಿತ್ರಕ್ಕೆ ಅದನ್ನು ತೆಗೆಯಲು ಮನಸ್ಸಿಲ್ಲದ ಹೆಂಗಸರು ಸಂಕೋಚಪಟ್ಟು ಹಿಂತಿರುಗದೆ ತಂತ್ರಜ್ಞರಿಗೆ ಹೇಳಲಿ. ಪಕ್ಕಕ್ಕೆ ಸರಿಸಿ ತೆಗೆಯುವ ದಾರಿ ಇದೆಯೇ ಎಂದು ಅವರು ನೋಡುತ್ತಾರೆ. ಬಟ್ಟೆ ಬದಲಿಸುವಾಗ ಮರೆ ಬೇಕೆಂದು, ಜೊತೆಗೆ ಹೆಂಗಸೊಬ್ಬರು ಇರಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ.

ಬಸುರಿಯಾಗಿದ್ದರೆ, ಅಥವಾ ಮುಟ್ಟು ತಪ್ಪಿ ಅನುಮಾನವಿದ್ದರೆ, ಕೋಣೆಗೆ ಹೋಗುವ ಮೊದಲೇ ಹೇಳಲೇಬೇಕು. ಗಂಡನ ಎದುರು, ಮೇಸ್ತ್ರಿಯ ಎದುರು ಹೇಳಲು ನಾಚಿಕೆಯಾದರೆ ನರ್ಸಮ್ಮನ ಕಿವಿಯಲ್ಲಿ ಹೇಳಿದರೂ ಸಾಕು.

ಕಿರಣ ಬಿಡುವಾಗ ತಂತ್ರಜ್ಞರು ತಡೆಗೋಡೆಯ ಹಿಂದೆ ಹೋಗುತ್ತಾರೆ; ಜೊತೆಗೆ ಬಂದವರನ್ನು ಹೊರಗೆ ಕಳಿಸುತ್ತಾರೆ. ರೋಗಿಗೆ ಅಪಾಯವಿರುವುದಕ್ಕೆ ಇವರು ಓಡಿಹೋದರೆಂದು ತಿಳಿಯಬಾರದು. ರೋಗಿಗೆ ಇದು ಒಂದೆರಡು ಸಲದ ಮಾತು, ಅವರಿಗೆ ದಿನವೂ ಹತ್ತಾರು ಸಲ. ಮಗುವನ್ನು ಹಿಡಿದುಕೊಳ್ಳಲು ಯಾರಾದರೂ ಒಳಗೆ ಇರಲೇಬೇಕಾದರೆ ಅವರಿಗೆ ಸೀಸದ ಏಪ್ರನ್ ಕೊಡಬೇಕು, ಕೊಡದಿದ್ದರೆ ಕೇಳಬೇಕು. ಬಸುರಿಯರು ಹಿಡಿದುಕೊಳ್ಳಲು ನಿಲ್ಲಬಾರದು.

ಎದೆಯ ಚಿತ್ರಕ್ಕೆ ಉಸಿರು ಎಳೆದು ಹಿಡಿಯಲು ಹೇಳುತ್ತಾರೆ. ಅಲುಗಾಡಿದರೆ ಚಿತ್ರ ಮಸುಕಾಗಿ ಮತ್ತೊಂದು ತೆಗೆಯಬೇಕಾಗುತ್ತದೆ. ಮೂಳೆಗೆ ಸಾಮಾನ್ಯವಾಗಿ ಎದುರಿನಿಂದ ಒಂದು, ಬದಿಯಿಂದ ಒಂದು, ಹೀಗೆ ಎರಡು ಚಿತ್ರ ಬೇಕು. ಒಂದರಲ್ಲಿ ನೆಟ್ಟಗೆ ಕಂಡ ಮೂಳೆ ಇನ್ನೊಂದರಲ್ಲಿ ಬಾಗಿರುವುದುಂಟು. ಇದನ್ನು ಹಣ ಕೀಳುವ ಉಪಾಯವೆಂದು ಜಗಳ ತೆಗೆಯಬಾರದು. ಚಿತ್ರ ತೆಗೆದವರನ್ನೇ "ಏನಾಗಿದೆ ಹೇಳಿ" ಎಂದು ಪೀಡಿಸುವುದೂ ಸರಿಯಲ್ಲ. ಅರ್ಥ ಹೇಳುವುದು ವೈದ್ಯರ ಕೆಲಸ.

ವಿಕಿರಣದ ಲೆಕ್ಕವೂ ಗೊತ್ತಿರಲಿ. ಮಣ್ಣು, ಕಲ್ಲು, ಆಕಾಶಗಳಿಂದ ನಮಗೆ ದಿನವೂ ಸ್ವಲ್ಪ ವಿಕಿರಣ ತಗಲುತ್ತಲೇ ಇದೆ. ಎದೆಯ ಒಂದು ಚಿತ್ರದಿಂದ ತಗಲುವುದು ಹೆಚ್ಚೆಂದರೆ ಸುಮಾರು 10 ದಿನಗಳ ಇಂಥ ಸಹಜ ವಿಕಿರಣದಷ್ಟು. ಸೊಂಟದ ಬೆನ್ನುಮೂಳೆಯ ಚಿತ್ರಗಳಿಗೆ ಕೆಲವು ತಿಂಗಳುಗಳಷ್ಟು. ಹೊಟ್ಟೆಯ ಸಿ.ಟಿ. ಸ್ಕ್ಯಾನಿಗೆ ಕೆಲವು ವರ್ಷಗಳಷ್ಟು. ಕೋಣೆಯಿಂದ ಹೊರಗೆ ಬಂದ ಮೇಲೆ ಕಿರಣ ದೇಹದಲ್ಲಿ ಉಳಿಯುವುದಿಲ್ಲ; ಪಥ್ಯವೂ ಬೇಕಿಲ್ಲ. ಬೇಕಾದಾಗ ತೆಗೆಸಲು ಹೆದರಬೇಕಾಗಿಲ್ಲ, ಆದರೆ ಹಳೆಯದು ಕಳೆದುಹೋಯಿತೆಂಬ ಒಂದೇ ಕಾರಣಕ್ಕೆ ಮತ್ತೆ ಮತ್ತೆ ತೆಗೆಸುವುದು ದೇಹಕ್ಕೂ ಕಿಸೆಗೂ ದಂಡ.

ಇನ್ನೊಂದು ಮಾತು. ಮೊದಲ ಚಿತ್ರದಲ್ಲಿ ಬಿರುಕು ಕಾಣಲಿಲ್ಲವೆಂದರೆ ಮೂಳೆ ಮುರಿದಿಲ್ಲವೆಂದೇ ಅರ್ಥವಲ್ಲ. ಮಣಿಕಟ್ಟಿನ ಸಣ್ಣ ಮೂಳೆಯ ಬಿರುಕು ಕೆಲವೊಮ್ಮೆ 10-14 ದಿನಗಳ ನಂತರದ ಚಿತ್ರದಲ್ಲಿ ಕಾಣುವುದುಂಟು. ನೋವು ಇಳಿಯದಿದ್ದರೆ ಎಣ್ಣೆ ತಿಕ್ಕಿಸುತ್ತ ಕೂಡದೆ ಅದೇ ಫಿಲ್ಮ್ ಹಿಡಿದು ಮತ್ತೆ ವೈದ್ಯರ ಬಳಿಗೆ ಹೋಗಬೇಕು. ನಾಟಿ ಕಟ್ಟು ಹಾಕಿಸಬೇಕೆನ್ನುವವರೂ ಮೊದಲು ಎಕ್ಸ್‌ರೇ ತೆಗೆಸಲಿ. ಅಡಿಕೆ ಮರದಿಂದ ಬಿದ್ದು ಬೆನ್ನಿಗೆ ಪೆಟ್ಟಾದವನನ್ನು ಕೈಕಾಲು ಹಿಡಿದು ಎತ್ತದೆ ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು.

ದಾಖಲೆ ಕೇಳುವುದು ಭಿಕ್ಷೆ ಬೇಡಿದಂತಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆಯ ನಿಯಮಗಳ ಪ್ರಕಾರ, ರೋಗಿ ಅಥವಾ ಆತ ಒಪ್ಪಿದವರು ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಈಗ ಅನೇಕ ಕಡೆ ಚಿತ್ರ ಕಂಪ್ಯೂಟರಿನಲ್ಲೇ ಇರುತ್ತದೆ. ಮೊಬೈಲಿಗೆ ಫೋಟೋ ಕಳಿಸಿ ಮುಗಿಸುತ್ತಾರೆ. ಫಿಲ್ಮಿನ ಮೊಬೈಲ್ ಫೋಟೋದಲ್ಲಿ ಕೂದಲೆಳೆಯಂಥ ಬಿರುಕು ಮರೆಯಾಗಬಹುದು. ಫಿಲ್ಮನ್ನೋ ಸಿ.ಡಿ.ಯನ್ನೋ, ಬರಹದ ವರದಿಯ ಜೊತೆಗೆ ಕೇಳುವುದು ಒಳ್ಳೆಯದು. ಫಿಲ್ಮನ್ನು ಮಡಿಸಬಾರದು, ಬಿಸಿಲು, ಒಲೆಯ ಕಾವು, ತೇವ ತಾಗಿಸಬಾರದು. ಪಹಣಿ ಪತ್ರ ಇಟ್ಟ ಪೆಟ್ಟಿಗೆಯಲ್ಲೇ ಅದಕ್ಕೂ ಜಾಗವಿರಲಿ.

ಇಷ್ಟೆಲ್ಲ ರೋಗಿಯ ಜವಾಬ್ದಾರಿಯಾದರೆ ನಮ್ಮದೇನು? ದುಡ್ಡು ಕೊಟ್ಟವರು ನಾವೆಂದು ಫಿಲ್ಮನ್ನು ನಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುವ ರೂಢಿ ಮೊದಲು ಹೋಗಬೇಕು. ಮೂಳೆ ಅವನದು, ಚಿತ್ರವೂ ಅವನದು. ಲೆಕ್ಕಕ್ಕೆ ಬಿಲ್ಲಿನ ಪ್ರತಿ ಸಾಕು.

ನಮ್ಮ ಸಂಘ ಇದರಲ್ಲಿ ಒಂದು ಸಣ್ಣ ಕೆಲಸ ಮಾಡಬಹುದು. ಆ ಕೆಲಸಗಾರರ ಸೀಮೆಯಲ್ಲೇ ಸಹಕಾರದ ದೊಡ್ಡ ಮೇಲ್ಪಂಕ್ತಿ ಇದೆ. ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ಸಹಕಾರ ಸಂಘದ್ದೇ ಆದ ಜೆ.ಜಿ. ಆಸ್ಪತ್ರೆ ಇದೆ. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹಳ್ಳಿಗಳಿಗೆ ದೀಪ ಕೊಟ್ಟಿದೆ. ಆಸ್ಪತ್ರೆಯನ್ನೂ ವಿದ್ಯುತ್ತನ್ನೂ ಸಹಕಾರದಿಂದ ನಡೆಸಿದವರ ಮುಂದೆ ನಾನು ಕೇಳುವುದು ಬಹಳ ಅಲ್ಪ. ಸುಗ್ಗಿಗೆ ಮೊದಲು ಸಂಘವು ಗಟ್ಟಿ ಕಾಗದದ ದೊಡ್ಡ ಲಕೋಟೆಗಳನ್ನು ಮಾಡಿಸಲಿ. ಮೇಲೆ ಹೆಸರು, ಊರು, ಪೆಟ್ಟಾದ ದಿನ, ಚಿತ್ರ ತೆಗೆದ ಆಸ್ಪತ್ರೆ, ಮುಂದೆ ತೋರಿಸಬೇಕಾದ ದಿನ, ಇಷ್ಟಕ್ಕೆ ಜಾಗವಿರಲಿ. ಗೊಬ್ಬರ ಒಯ್ಯಲು ಬರುವ ಪ್ರತಿ ಸದಸ್ಯರಿಗೂ ನಾಲ್ಕು ಲಕೋಟೆ ಕೊಡಲಿ. ಕೆಲಸಗಾರ ಊರಿಗೆ ಬಸ್ ಹತ್ತುವಾಗ ಕೂಲಿಯ ಲೆಕ್ಕದ ಜೊತೆಗೆ ಅದು ಅವನ ಕೈ ಸೇರಲಿ.

ಖರ್ಚು ಹೆಚ್ಚಿನದಲ್ಲ. ಮುಂದಿನ ಸಭೆಯಲ್ಲಿ ಆಡಳಿತ ಮಂಡಳಿಯವರು ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.